ಕೀಡಿ ಹೊಲ

ಕಡಲೆಗೆ ಕಾಯಿಕೊರಕ ಬೀಳದೇ ಇದ್ದರೆ ಏನಾಗುತ್ತದೆ? ಈ ಪ್ರಶ್ನೆಗೆ ನನ್ನ ಹದಿನೇಳು ವರ್ಷ ಕೊಟ್ಟಿದ್ದೇನೆ. ಉತ್ತರ ಸರಳ: ಎಲ್ಲರೂ ಅದನ್ನೇ ಬಿತ್ತುತ್ತಾರೆ. ಎಲ್ಲರೂ ಅದನ್ನೇ ಬಿತ್ತಿದರೆ ಏನಾಗುತ್ತದೆ ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟವಳು ನನ್ನ ಅಕ್ಕ ನೀಲವ್ವ. ಆಕೆ ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವಳು.

ನಾನು ಕಸ್ತೂರಿ. ಮಲಪ್ರಭೆಯ ಈಚೆಯ ಎರೆಮಣ್ಣಿನ ಸೀಮೆಗೆಂದೇ ಕಟ್ಟಿದ ಕಡಲೆ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದೆ. ನಾವು ತಯಾರಿಸಿದ ತಳಿಯ ಹೆಸರು ನಿರ್ಭಯ. ಅದರ ಕಾಯಿಯ ಸಿಪ್ಪೆಯಲ್ಲಿ ಒಂದು ಪ್ರೋಟೀನು ಇರುತ್ತದೆ. ಮನುಷ್ಯರಿಗೆ, ದನಕರುಗಳಿಗೆ ಅದರಿಂದ ಏನೂ ಇಲ್ಲ. ಕಾಯಿ ಕೊರೆಯುವ ಹುಳುವಿನ, ನಮ್ಮ ಮಾತಿನಲ್ಲಿ ಕೀಡಿಯ, ಹೊಟ್ಟೆಗೆ ಹೋದರೆ ಮಾತ್ರ ಅದರ ಕರುಳು ಕೆಲಸ ನಿಲ್ಲಿಸುತ್ತದೆ. ಎರಡು ದಿನ ಉಪವಾಸ ಬಿದ್ದು ಕೀಡಿ ಸಾಯುತ್ತದೆ. ಆದರೆ ಕೀಡಿಗಳಲ್ಲೂ ಮೊಂಡರಿದ್ದಾರೆ. ಲಕ್ಷಕ್ಕೊಂದು ಕೀಡಿ ಅದನ್ನೂ ತಿಂದು ಅರಗಿಸಿಕೊಂಡು ಪತಂಗವಾಗುತ್ತದೆ. ಅಂಥ ಎರಡು ಮೊಂಡ ಪತಂಗಗಳು ಕೂಡಿದರೆ ಹುಟ್ಟುವ ಮರಿಗಳೆಲ್ಲ ಮೊಂಡ. ಒಂದು ಮೊಂಡ, ಒಂದು ಸಾದಾ ಕೂಡಿದರೆ ಮರಿಗಳು ಸಾದಾ; ನಿರ್ಭಯ ತಿಂದರೆ ಸಾಯುತ್ತವೆ. ಆದ್ದರಿಂದ ಮೊಂಡನಿಗೆ ಮೊಂಡ ಸಂಗಾತಿ ಸಿಗದ ಹಾಗೆ ಸುತ್ತಲೂ ಸಾದಾ ಪತಂಗಗಳು ಸಾವಿರಗಟ್ಟಲೆ ಹಾರಾಡುತ್ತಿರಬೇಕು. ಅವು ಎಲ್ಲಿಂದ ಬರಬೇಕು? ಪ್ರತಿ ಊರಿನಲ್ಲೂ ಒಂದು ಹೊಲದಲ್ಲಿ ಹಳೆಯ ಕಡಲೆಯನ್ನೇ ಬಿತ್ತಿ, ಅದನ್ನು ಕೀಡಿಗೆ ಬಿಟ್ಟುಕೊಡಬೇಕು. ಕಾಗದದಲ್ಲಿ ಅದಕ್ಕೆ ‘ಆಶ್ರಯ ಕ್ಷೇತ್ರ’ ಎಂದು ಹೆಸರು. ಊರವರು ಕರೆದದ್ದು ಕೀಡಿ ಹೊಲ ಎಂದು.

ಬೀಜ ಬಿಡುಗಡೆಗೆ ಮೊದಲು ಮಾರುಕಟ್ಟೆ ಸಮೀಕ್ಷೆ ಮಾಡಿದೆವು. ಕಡಲೆ ಹುರಿದು ಪುಟಾಣಿ ಮಾಡುವ ಭಟ್ಟಿಯವರು, ಬೇಳೆ ಮಿಲ್ಲಿನವರು ತೂತಿಲ್ಲದ ಕಾಳು ನೋಡಿ ಕಣ್ಣಿಗೊತ್ತಿಕೊಂಡರು. ಬಿತ್ತುತ್ತೀರಾ ಎಂದು ಕೇಳಿದರೆ ಹದಿನಾಲ್ಕು ಊರುಗಳಲ್ಲಿ ಕೈ ಎತ್ತದವರೇ ಇಲ್ಲ. ಕೀಡಿಗೆ ಒಂದು ಹೊಲ ಯಾರು ಕೊಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. ಎತ್ತಿದ ಕೈಗಳೆಲ್ಲ ಇಳಿದವು. ಪರಿಹಾರ ಕೊಡುತ್ತೇವೆ ಎಂದೆವು, ಬೆಳೆದಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟೂ ಕೊಡುತ್ತೇವೆ ಎಂದೆವು. ಒಬ್ಬರೂ ಮಿಸುಕಲಿಲ್ಲ. ಆಶ್ರಯ ಕ್ಷೇತ್ರ ಇಲ್ಲದೆ ಬೀಜಕ್ಕೆ ಪರವಾನಗಿ ಇರಲಿಲ್ಲ.

ಕಡೆಯ ಸಭೆ ನನ್ನ ಅಕ್ಕನ ಊರು ಮುದೇನಹಾಳದಲ್ಲಿ, ಚಾವಡಿಯ ಮುಂದೆ ನಡೆಯಿತು. ಹಿರಿಯರೊಬ್ಬರು ಎದ್ದು ನಿಂತು, “ಬೀಜ ಛಲೋ ಐತ್ರಿ ಅಕ್ಕಾರ. ಆದ್ರ ಬಿತ್ತಿ, ಎಡಿ ಹೊಡದು, ಕಾಯಿ ಕಟ್ಟಿದ ಮ್ಯಾಲೆ ಕೀಡಿಗೆ ಉಣ್ಣಾಕ ಬಿಟ್ಟು, ಅದನ್ನ ನೋಡ್ಕೋಂತ ಹೆಂಗ ಕುಂದ್ರೂದ್ರಿ? ನೀವು ರೊಕ್ಕಾ ಕೊಡಬಹುದು. ಕಣ್ಣು ಎಲ್ಲಿ ಇಟಗೊಳ್ಳೂದು?” ಎಂದರು. ಪರದೆಯ ಮೇಲಿನ ಚಿತ್ರಗಳನ್ನು ಸುಮ್ಮನೆ ಹಿಂದೆ ಮುಂದೆ ಮಾಡುತ್ತ ನಿಂತೆ.

ಹೆಂಗಸರ ಸಾಲಿನಿಂದ ಅಕ್ಕನ ದನಿ ಬಂತು. “ನಮ್ಮ ನಾಕ ಎಕರೆ ಬರ್ಕೋ.”

ಅಕ್ಕನ ಗಂಡ ಫಕ್ಕೀರಪ್ಪ ಮಾವ ಹೆಂಡತಿಯ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. “ಆಕಿ ಅಂದ್ಲಲ್ಲ, ಬರ್ಕೋ ಯವ್ವಾ” ಎಂದರು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೈದು. ನನಗೆ ಜಡೆ ಹಾಕಿದವಳು, ಜ್ವರ ಬಂದರೆ ಎತ್ತಿಕೊಂಡು ಓಡಿದವಳು, ನನ್ನ ಪುಸ್ತಕಕ್ಕೆ ಹಾಳೆ ಸುತ್ತಿದವಳು ಅವಳೇ. ಅವಳು ಹೂಂ ಎಂದದ್ದು ನಿರ್ಭಯಕ್ಕಲ್ಲ, ನನಗೆ. ಅದು ಆಗಲೇ ಗೊತ್ತಿತ್ತು, ಆದರೂ ಬರೆದುಕೊಂಡೆ. ಮುದೇನಹಾಳದ ಹೆಣ್ಣುಮಗಳು ಕೊಟ್ಟಳಂತೆ ಎಂದು ಸುದ್ದಿಯಾಗಿ, ಉಳಿದ ಹದಿಮೂರು ಊರುಗಳಲ್ಲೂ ತಿಂಗಳೊಳಗೆ ಒಬ್ಬೊಬ್ಬರು ಒಪ್ಪಿದರು.

ಕೀಡಿ ಹೊಲಕ್ಕೆ ನಿಯಮಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಔಷಧ ಹೊಡೆಯಬಾರದು, ಕೈಯಿಂದ ಕೀಡಿ ಆರಿಸಬಾರದು, ಹಕ್ಕಿ ಕೂರಲು ಗೂಟ ನೆಡಬಾರದು. ಇವನ್ನೆಲ್ಲ ಯಾವ ಊರಿನ ವಿಜ್ಞಾನಿಯಾದರೂ ಬರೆದಾನು. ನಾಲ್ಕನೆಯದಾಗಿ ನಾನು ಬರೆದೆ: ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಬಾರದು.

“ಚರಗ ಅಂದ್ರೇನು?” ಎಂದು ನಮ್ಮ ನಿರ್ದೇಶಕರು ಪಾರ್ಥಸಾರಥಿ ಕೇಳಿದರು. ಅವರು ಮೈಸೂರು ಕಡೆಯವರು. ನಾನು ಪಾಠ ಮಾಡಿದೆ. ಆ ಅಮಾವಾಸ್ಯೆಯ ಹೊತ್ತಿಗೆ ಕಡಲೆ ಕಾಯಿಕಟ್ಟಿ, ಜೋಳ ಹೊಡೆತುಂಬಿ ನಿಂತಿರುತ್ತವೆ. ಹೊಲ ಬಸುರಿ ಎಂದು ಲೆಕ್ಕ. ಬಸುರಿಯ ಬಯಕೆಗೆಂದು ಸಜ್ಜೆ ಕಡುಬು, ಎಳ್ಳು ಹೋಳಿಗೆ, ಪಲ್ಲೆ, ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದನ್ನು ತಿನ್ನಲು ಹಕ್ಕಿಗಳು ಹಿಂಡುಗಟ್ಟಿ ಇಳಿಯುತ್ತವೆ. ಇಳಿದವು ಕಡುಬಿನ ಜೊತೆಗೆ ಕೀಡಿಯನ್ನೂ ಹೆಕ್ಕುತ್ತವೆ. ನಮ್ಮ ಕೀಡಿ ಹೊಲಕ್ಕೆ ಅದು ಬೇಡ.

“ನೀವಿಲ್ಲದಿದ್ರೆ ಇದು ನಮಗೆ ಹೊಳೀತಾನೇ ಇರಲಿಲ್ಲ ಕಸ್ತೂರಿ” ಎಂದರು ಅವರು. ನಾನು ಉಬ್ಬಿಹೋದೆ. ಆ ಹಾಳು ಹೆಮ್ಮೆಯನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮೊದಲ ವರ್ಷ ಜನವರಿಯಲ್ಲಿ ಅಕ್ಕನ ಹೊಲ ನೋಡಲು ಹೋದೆ. ಸುತ್ತಲೂ ನಿರ್ಭಯ ಹಸಿರಾಗಿ ಮಲಗಿತ್ತು. ನಡುವೆ ನಾಲ್ಕು ಎಕರೆ ತೂತುಬಿದ್ದ ಕಾಯಿ, ಒಳಗೆ ಅರ್ಧ ಮೈ ತೂರಿಸಿ ಉಣ್ಣುತ್ತಿದ್ದ ಹಸಿರು ಕೀಡಿಗಳು. ಹೊಲದ ಮಧ್ಯೆ ನಮ್ಮ ಎಣಿಕೆ ಕಂಬ. ಅದರ ವಾಸನೆಗೆ ಬಂದು ತಾಕಿದ ಪತಂಗದ ರೆಕ್ಕೆಯ ಹುಡಿಯನ್ನು ಕಂಬ ಪರೀಕ್ಷಿಸುತ್ತದೆ. ಸಾದಾ ಎಷ್ಟು, ಮೊಂಡ ಎಷ್ಟು ಎಂದು ಕೇಂದ್ರದ ನಿಗಾ ಕೋಣೆಗೆ ತಿಳಿಸುತ್ತದೆ. ಸಂಖ್ಯೆ ಬಹಳ ಚೆನ್ನಾಗಿತ್ತು. ನಾನು ಖುಷಿಯಿಂದ ಹೇಳಿದೆ. ಅಕ್ಕ ಬದುವಿನ ಮೇಲೆ ಎರಡೂ ಕೈಗೆ ಸೆರಗು ಸುತ್ತಿಕೊಂಡು ನಿಂತಿದ್ದಳು.

“ಕೈಯಿಗೆ ಯಾಕ ಸುತ್ತಿ?” ಎಂದೆ.

“ತಡೀವಲ್ದು ಕಸ್ತೂರಿ. ಬಿಟ್ಟರ ಅವ ಹೋಗಿ ಕೀಡಿ ಆರಸ್ತಾವ.”

ನಾನು ನಕ್ಕೆ. ಅವಳೂ ನಕ್ಕಳು.

ಎರಡನೆಯ ವರ್ಷ ನಿರ್ಭಯ ಬಿತ್ತದ ಹೊಲ ಹುಡುಕಬೇಕಾಯಿತು. ಔಷಧದ ಪಂಪುಗಳು ಗುಜರಿಗೆ ಹೋದವು. ಔಷಧದ ಗಾಳಿ ಕುಡಿದು ತಲೆ ಸುತ್ತಿ ಬೀಳುವುದು ನಿಂತಿತು. ಮುದೇನಹಾಳದವರು ನನ್ನ ಫೋಟೋ ಪಂಚಾಯಿತಿಯಲ್ಲಿ ತೂಗುಹಾಕಿದರು. ಅಕ್ಕನಿಗೆ ಮಾತ್ರ ಬೇರೆಯೇ ಆಯಿತು. ಬಿತ್ತನೆಗೆ ಮೊದಲು ಕೂರಿಗೆ ಪೂಜೆಗೆ ಪ್ರತಿ ಮನೆಯವರೂ ಅವಳನ್ನು ಕರೆಯುತ್ತಿದ್ದರು. ಅವಳ ಕೈಗುಣ ದೊಡ್ಡದು ಎಂಬ ಮಾತಿತ್ತು. ಆ ವರ್ಷ ಯಾರೂ ಕರೆಯಲಿಲ್ಲ. ಜಗಳವಿಲ್ಲ, ಕೊಂಕಿಲ್ಲ. ಬೀದಿಯಲ್ಲಿ ಸಿಕ್ಕರೆ ಎಲ್ಲರೂ ಊಟ ಆಯ್ತಾ ನೀಲಕ್ಕಾ ಎನ್ನುತ್ತಿದ್ದರು. ಬಿತ್ತಿದ್ದನ್ನು ಕೀಡಿಗೆ ಕೊಟ್ಟ ಕೈಯಿಂದ ಬೀಜ ಮುಟ್ಟಿಸಲು ಅವರಿಗೆ ಮನಸ್ಸು ಬರಲಿಲ್ಲ, ಅಷ್ಟೇ. ಇದನ್ನು ನನಗೆ ಹೇಳಿದವರು ಮಾವ. ಅಕ್ಕ ಒಂದು ಮಾತೂ ಆಡಿರಲಿಲ್ಲ. ಹೊಲ ಬದಲಿಸೋಣವೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, “ನಿನ್ನ ಹೆಸರೀಗೆ ಕೊಟ್ಟೇನಿ, ತಿರುಗಿ ಇಸ್ಕೊಳ್ಳೂದ್ಯಾಕ? ಇರ್ಲಿ ಬಿಡ” ಎಂದಳು. ನಾನೂ ಬಿಟ್ಟೆ. ನನಗೆ ಆಗ ಬೇರೆ ರಾಜ್ಯಗಳಿಂದ ಕರೆ ಬರುತ್ತಿದ್ದವು.

ಮೂರನೆಯ ವರ್ಷ, ಎಳ್ಳ ಅಮಾವಾಸ್ಯೆ ಕಳೆದು ಎಂಟು ದಿನಕ್ಕೆ ನಿಗಾ ಕೋಣೆಯ ನಕ್ಷೆಯಲ್ಲಿ ಹಸಿರಾಗಿದ್ದ ಮುದೇನಹಾಳದ ಚುಕ್ಕೆ ಹಳದಿಯಾಯಿತು. ದಿನಕ್ಕೆ ಒಂಬೈನೂರು ಸಾದಾ ಪತಂಗಗಳನ್ನು ತೋರಿಸುತ್ತಿದ್ದ ಕಂಬ ಮುನ್ನೂರು ತೋರಿಸಿತು. ಮೂರು ದಿನ ಬಿಟ್ಟು ತೊಂಬತ್ತು.

“ನಿಮ್ಮಕ್ಕನ ಊರಿನದು. ಕಂಬ ಕೆಟ್ಟಿದೆಯೋ, ಹೊಲದಲ್ಲೇ ಕಡಿಮೆಯಾಗಿದೆಯೋ ನೋಡ್ಕೊಂಡು ಬನ್ನಿ” ಎಂದರು ಪಾರ್ಥಸಾರಥಿ. “ಹೊಲದಲ್ಲೇ ಕಡಿಮೆ ಅಂತಾದ್ರೆ ತಕ್ಷಣ ಹೇಳಿ. ಮೊಂಡಗಳು ತಮ್ಮತಮ್ಮಲ್ಲೇ ಕೂಡೋಕೆ ಮುಂಚೆ, ಹತ್ತು ದಿನದೊಳಗೆ ಸಾದಾ ಪತಂಗ ಬಿಡಬೇಕು.” ಇಂಥ ಹೊತ್ತಿಗೆಂದೇ ಸಾದಾ ಪತಂಗಗಳನ್ನು ಸಾಕುವ ಕೋಣೆಯೊಂದು ನಮ್ಮಲ್ಲಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಹೊಲ ಮುಟ್ಟಿದೆ. ದೂರದಿಂದಲೇ ಹಕ್ಕಿಗಳ ಗದ್ದಲ ಕೇಳಿಸಿತು. ಗೊರವಂಕ, ಬೆಳ್ಳಕ್ಕಿ, ಕಾಜಾಣ, ಲೆಕ್ಕ ಹಾಕಲಾರದಷ್ಟು. ಅವುಗಳ ನಡುವೆ ಅಕ್ಕ ಬುಟ್ಟಿ ಹಿಡಿದು ಚುರುಮರಿ ಎರಚುತ್ತ ನಡೆಯುತ್ತಿದ್ದಳು. ಹಳೆಯ ತಳಿಯ ಕಡಲೆ, ತೂತಿಲ್ಲದ ಕಾಯಿ ಬಿಟ್ಟು ತುಂಬಿ ನಿಂತಿತ್ತು. ನನ್ನನ್ನು ನೋಡಿ ಅವಳು ಓಡಲಿಲ್ಲ, ಬುಟ್ಟಿಯನ್ನೂ ಬಚ್ಚಿಡಲಿಲ್ಲ. ಮುಖ ಅರಳಿತ್ತು. ಎಷ್ಟೋ ವರ್ಷದಿಂದ ನಾನು ಆ ಮುಖ ಕಂಡಿರಲಿಲ್ಲ.

“ನೋಡಿಲ್ಲಿ, ಎಷ್ಟ ಛಂದ ಕಾಯಿ ಕಟ್ಟೇತಿ!” ಎಂದಳು.

“ಅಕ್ಕಾ, ಚರಗ ಚೆಲ್ಲಿದೇನು?”

ಅವಳು ಬದುವಿನ ಮೇಲೆ ಕುಳಿತಳು. “ಚೆಲ್ಲಿದೆ. ಎರಡ ವರ್ಷ ತಡಕೊಂಡೆ ಕಸ್ತೂರಿ. ಎಲ್ಲಾರ ಹೊಲಕ್ಕ ಬಯಕಿ ಊಟಾ ಹೋಗತೈತಿ, ನಮ್ಮದಕ್ಕಿಲ್ಲ. ಬಸುರಿನ್ನ ಉಪವಾಸ ಕೆಡವಿ, ಹೊಟ್ಟ್ಯಾಗಿಂದು ಕೀಡಿಗೆ ಬಿಟ್ಟಂಗ ಆಗತೈತಿ. ನನಗ ಎರಡ ಸಲ ಏಳ ತಿಂಗಳಿಗೆ ಹೋತಲ್ಲ, ನಿನಗ ಗೊತ್ತಿಲ್ಲೇನು? ಒಳಗ ಏನೋ ತಿನ್ನಾಕತ್ತೇತಿ ಅಂತ ಅನಸ್ತಿತ್ತು ನನಗ. ಯಾರಿಗೂ ಹೇಳಿರಲಿಲ್ಲ. ಈ ಕಾಯಿ ಸುಲದು ನೋಡಿದಾಗೆಲ್ಲಾ ಅದ ನೆಪ್ಪಾಗತೈತಿ.”

ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತೆ.

“ಒಂದ ದಿನ ಚೆಲ್ಲೂಣು ಅಂತ ಮಾಡಿದ್ದೆ. ಹಕ್ಕಿ ಬಂದೂ. ಮರದಿನಾನೂ ಬಂದು ನನ್ನ ಮಾರಿ ನೋಡಿದೂ. ಬರೀ ಕೈಲೆ ಹೆಂಗ ಕಳಸ್ಲಿ?” ಅವಳು ನನ್ನ ಕೈ ಹಿಡಿದಳು. “ಇದೊಂದ ಸಲ ರಾಶಿ ಮಾಡ್ಕೋತೀನಿ. ಒಂದ ಸಲ ನನ್ನ ಹೊಲದಾನ ಕಾಳು ಮನಿಗೆ ಬರ್ಲಿ. ನಿಮ್ಮ ಸಾಹೇಬ್ರಿಗೆ ಹೇಳಬ್ಯಾಡ.”

ನಿಜ ಬರೆದಿದ್ದರೆ ನಮ್ಮವರು ಜೀಪಿನಲ್ಲಿ ಪತಂಗಗಳ ಪೆಟ್ಟಿಗೆ ತಂದು ಆ ಹೊಲದಲ್ಲೇ ಬಿಡುತ್ತಿದ್ದರು. ವಾರದೊಳಗೆ ಅಕ್ಕನ ಕಣ್ಣೆದುರೇ ಆ ಕಾಯಿಗಳಿಗೆ ಮೊಟ್ಟೆ ಬೀಳುತ್ತಿತ್ತು. ನಿಯಮ ಮುರಿದವಳೆಂದು ಅವಳ ಹೆಸರನ್ನು ಊರಿನಲ್ಲಿ ಓದುತ್ತಿದ್ದರು. ಒಂದು ಊರು, ಒಂದು ವರ್ಷ, ಉಳಿದ ಹದಿಮೂರು ಹೊಲ ಇವೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ವಿಜ್ಞಾನಿಯಾಗಿ ಹಾಗೆ ಯೋಚಿಸಿದೆನೋ, ಆ ಮುಖ ನೋಡಿ ಸೋತೆನೋ ಎಂದು ಕೇಳಿದರೆ, ಸೋತೆ. ವರದಿಯಲ್ಲಿ ‘ಕಂಬದ ದೋಷ’ ಎಂದು ಬರೆದು ಸಹಿ ಹಾಕಿದೆ.

ಆ ವಾರ ಇನ್ನೂ ಐದು ಊರಿನ ಚುಕ್ಕೆಗಳು ಹಳದಿಯಾದವು. ಪಾರ್ಥಸಾರಥಿ ನನ್ನ ವರದಿಯನ್ನು ಕೈಯಲ್ಲಿ ಹಿಡಿದು, “ಈ ಸಲದ ಕಂಬಗಳೇ ಸರಿಯಿಲ್ಲ ಅನ್ಸುತ್ತೆ. ನೀವೇ ಕಣ್ಣಾರೆ ನೋಡಿದೀರಲ್ಲ, ಇನ್ನೇನು?” ಎಂದರು. ಯಾರನ್ನೂ ಹೊಲಕ್ಕೆ ಕಳಿಸಲಿಲ್ಲ. ಕಂಬ ತಯಾರಿಸಿದವರಿಗೆ ಪತ್ರ ಹೋಯಿತು. ಆ ಐದು ಊರುಗಳಲ್ಲಿ ಏನಾಗಿದೆಯೆಂದು ನನಗೆ ನೋಡದೆಯೇ ತಿಳಿಯಿತು. ಅಲ್ಲೂ ಒಬ್ಬೊಬ್ಬ ಹೆಣ್ಣುಮಗಳು ಎರಡು ವರ್ಷ ತಡೆದುಕೊಂಡು, ಮೂರನೆಯ ವರ್ಷ ಕಡುಬು ಮಾಡಿಕೊಂಡು ಹೊಲಕ್ಕೆ ಹೋಗಿದ್ದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟರೆ ನನ್ನ ಸಹಿ ಸುಳ್ಳಾಗುತ್ತಿತ್ತು. ಸಾಕಣೆ ಕೋಣೆಯಲ್ಲಿ ಜಾಲರಿಯ ಹಿಂದೆ ಸಾವಿರಾರು ಪತಂಗಗಳು ಹಾರಾಡುತ್ತಿದ್ದವು. ನಾನು ಅದರ ಮುಂದಿನಿಂದಲೇ ದಿನಾ ಕ್ಯಾಂಟೀನಿಗೆ ಹೋಗಿಬಂದೆ. ಹತ್ತು ದಿನ ಕಳೆದವು.

ಅಕ್ಕ ಆ ವರ್ಷ ರಾಶಿ ಮಾಡಿದಳು. ಒಂದು ಚೀಲ ನನಗೂ ಕಳಿಸಿದಳು. ಅದನ್ನು ಬಿಚ್ಚಲು ನನ್ನಿಂದ ಆಗಲಿಲ್ಲ.

ನಾಲ್ಕನೆಯ ವರ್ಷ ಡಿಸೆಂಬರಿನಲ್ಲಿ ಪ್ರಯೋಗಾಲಯಕ್ಕೆ ಬಂದ ನಿರ್ಭಯದ ಕಾಯೊಂದನ್ನು ಸುಲಿದೆ. ಒಳಗಿನ ಕೀಡಿ ದಪ್ಪಗಿತ್ತು, ತಲೆಯೆತ್ತಿ ಬೆಳಕಿನ ಕಡೆ ಮೈ ಹೊರಳಿಸಿತು. ಎರಡು ದಿನ ಕಾದೆ. ಸಾಯಲಿಲ್ಲ. ಇನ್ನೊಂದು ಕಾಯಿ ತಿಂದಿತು. ತಿಂಗಳು ತುಂಬುವುದರೊಳಗೆ ಹದಿನಾಲ್ಕು ಊರುಗಳ ಹಸಿರು ಉಡುಗಿತು. ಹೊಡೆಯೋಣವೆಂದರೆ ಅಂಗಡಿಯಲ್ಲಿ ಔಷಧವಿಲ್ಲ, ಮನೆಯಲ್ಲಿ ಪಂಪಿಲ್ಲ. ಜನ ಮನೆಮಂದಿಯೆಲ್ಲ ಹೊಲಕ್ಕಿಳಿದು ಕೈಯಿಂದಲೇ ಆರಿಸಲು ನೋಡಿದರು. ಸಾವಿರಾರು ಎಕರೆಯನ್ನು ಎಷ್ಟು ಕೈ ಆರಿಸೀತು? ಮುದೇನಹಾಳದ ಪಂಚಾಯಿತಿಯವರು ನನ್ನ ಫೋಟೋ ಇಳಿಸಿ, ಒಡೆಯದೆ, ಬಟ್ಟೆಯಲ್ಲಿ ಸುತ್ತಿ ಅಕ್ಕನ ಮನೆಗೆ ತಲುಪಿಸಿದರು.

ವಿಚಾರಣೆಯಲ್ಲಿ ನನ್ನ ತಪ್ಪನ್ನೆಲ್ಲ ಹೇಳಿದೆ. ಅಕ್ಕನ ಹೆಸರು ಹೇಳಲಿಲ್ಲ; ಹೊಲ ನೋಡಿದೆ, ಸುಳ್ಳು ಬರೆದೆ ಎಂದೆ. ಪಾರ್ಥಸಾರಥಿ, “ನಿಯಮ ಬರೆದವರೂ ನೀವೇ ಅಲ್ವೇನ್ರೀ?” ಎಂದರು. ಆ ದಿನವೇ ನನ್ನ ಕೆಲಸ ಹೋಯಿತು. ಹೋದದ್ದು ಸರಿ.

ಮರುದಿನ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಡೆ ತಿರುಗದೆ ಕೇಳಿದಳು, “ನಿಮ್ಮ ಕಂಬ ಕೆಟ್ಟಿದ್ವಂತ ಊರಾಗ ಅಂತಾರ. ನಮ್ಮ ಹೊಲದಾಗಿಂದು ಕೆಟ್ಟಿರ್ಲಿಲ್ಲಲಾ?”

“ಇಲ್ಲಕ್ಕ.”

“ಹಂಗಾರ ಇದೆಲ್ಲಾ ನನ್ನಿಂದ ಆತು?”

ಇನ್ನೂ ಐದು ಊರಿನವರು ಚೆಲ್ಲಿದ್ದಾರೆ ಎಂದೆ. ನಾನು ಆ ದಿನವೇ ಹೇಳಿದ್ದರೆ ಎಲ್ಲ ಉಳಿಯುತ್ತಿತ್ತು, ತಪ್ಪು ನನ್ನದು ಎಂದೆ. ಸಾದಾ ಪತಂಗ, ಮೊಂಡ ಪತಂಗ ಎಂದು ಮತ್ತೆ ಮೊದಲಿನಿಂದ ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡದ್ದು ಒಂದೇ ಮಾತು: ಆ ಹೊಲದಲ್ಲಿ ಕೀಡಿ ಕಡಿಮೆಯಾಯಿತು. ಬಡಿಯುತ್ತಿದ್ದ ರೊಟ್ಟಿ ಮುಗಿಸಿ, ಬೇಯಿಸಿ, ನನ್ನ ತಾಟಿಗೆ ಹಾಕಿದಳು. “ಉಣ್ಣು” ಎಂದಳು. ತಾನು ಉಣ್ಣಲಿಲ್ಲ.

ಬೆಳಿಗ್ಗೆ ಏಳುವ ಹೊತ್ತಿಗೆ ಅವಳು ಮನೆಯಲ್ಲಿರಲಿಲ್ಲ. ಮಾವ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. “ಹೊಲದ ಕಡೆ ಹೋದ್ಲು. ನನಗ ಬರಬ್ಯಾಡ ಅಂದ್ಲು. ನೀನರ ಹೋಗಿ ನೋಡವಾ” ಎಂದರು.

ಅಕ್ಕ ಪಕ್ಕದವರ ನಿರ್ಭಯದ ಹೊಲದಲ್ಲಿ ಬಗ್ಗಿದ್ದಳು. ಗಿಡದಿಂದ ಗಿಡಕ್ಕೆ ಸರಿಯುತ್ತ ಎರಡೂ ಕೈಯಿಂದ ಏನನ್ನೋ ಆರಿಸಿ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಅವಳು ಬದು ದಾಟಿ ತನ್ನ ಹೊಲಕ್ಕೆ ಬಂದು ಮೊಣಕಾಲೂರಿ ಕುಳಿತಳು. ಉಡಿ ಬಿಚ್ಚಿದಳು. ಉಡಿಯ ತುಂಬ ಕೀಡಿಗಳು ಹರಿದಾಡುತ್ತಿದ್ದವು. ಒಂದೊಂದನ್ನೇ ಎತ್ತಿ, ನೋವಾಗದ ಹಾಗೆ, ಒಂದೊಂದು ಕಾಯಿಯ ಮೇಲೆ ಇಡತೊಡಗಿದಳು. ಹಕ್ಕಿಯೊಂದು ಇಳಿದರೆ ಸೆರಗು ಬೀಸಿ ಓಡಿಸಿದಳು.

“ಏನ ಮಾಡಾಕತ್ತೀ ಅಕ್ಕಾ?”

“ನಾ ಕಡಿಮಿ ಮಾಡಿದ್ನಲ್ಲ. ತುಂಬಿ ಕೊಡಾಕತ್ತೀನಿ.” ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ನೀ ಲೆಕ್ಕಾ ಬಲ್ಲಾಕಿ. ಎಷ್ಟ ಇಟ್ಟರ ಮೊದಲಿನಂಗ ಆಗತೈತಿ?”

ಅವೆಲ್ಲ ಮೊಂಡ ಕೀಡಿಗಳು. ನಿರ್ಭಯ ತಿಂದು ಬದುಕಿದ ಕೀಡಿಗಳು. ಅವನ್ನು ಎಷ್ಟು ಇಟ್ಟರೂ ಸಾದಾ ಪತಂಗವೊಂದೂ ಹುಟ್ಟುವುದಿಲ್ಲ. ಅದನ್ನು ಹೇಳಲು ಬಾಯಿ ತೆರೆದೆ. ಅವಳ ಬೆರಳುಗಳು ಕೀಡಿಯ ಹಸಿರಿನಿಂದ ಅಂಟಂಟಾಗಿದ್ದವು.

“ಇಷ್ಟ ಸಾಕಕ್ಕಾ” ಎಂದೆ.

“ಸಾಕಾಗೂದಿಲ್ಲವಾ. ಹಕ್ಕಿ ಭಾಳ ತಿಂದಾವ” ಎಂದು ಅವಳು ಮತ್ತೆ ಉಡಿ ಕಟ್ಟಿಕೊಂಡು ಪಕ್ಕದ ಹೊಲಕ್ಕೆ ಇಳಿದಳು.